ಒಂದು ಬಕೆಟ್ ಖಾಲಿ ತೋಟೆ

ಆರ್ಡಿಸ್ ಬಕೆಟ್ಟಿನೊಳಗೆ ಮೊಣಕೈವರೆಗೂ ಕೈ ಇಳಿಸಿ ಖಾಲಿ ತೋಟೆಗಳನ್ನು ಜಾಲಾಡುತ್ತಿದ್ದಳು. ಒಂದೊಂದನ್ನೇ ಎತ್ತಿ ಕಿಟಕಿಯ ಬೆಳಕಿಗೆ ಹಿಡಿಯುವುದು, ಬಾಯಿ ಸೊಟ್ಟಗಾಗಿದೆಯೇ, ಮೈ ಬಿರುಕು ಬಿಟ್ಟಿದೆಯೇ ಎಂದು ತಿರುಗಿಸಿ ನೋಡುವುದು, ಒಳ್ಳೆಯದಾದರೆ ಕಾಫಿ ಡಬ್ಬಕ್ಕೆ, ಇಲ್ಲವಾದರೆ ಮರಳಿ ಬಕೆಟ್ಟಿಗೆ. ಅರ್ಧ ಗಂಟೆಯಿಂದ ಇದೇ ಕೆಲಸ. ಸುತ್ತಲೂ ಕೋವಿ ಸಂತೆ ಗಿಜಿಗುಟ್ಟುತ್ತಿತ್ತು. ಜನವರಿಯ ಶನಿವಾರ, ಹೊರಗೆ ಮೊಣಕಾಲುದ್ದ ಹಿಮ. ಮೊಂಟಾನಾದ ಆ ಸೀಮೆಯವರಿಗೆ ಅಂಥ ದಿನ ಹೋಗಲು ಜಾಗ ಎಂದರೆ ಚರ್ಚು ಬಿಟ್ಟರೆ ಈ ತಗಡಿನ ಶೆಡ್ಡು.

ಮೇಜಿನ ಆಚೆ ಕೂತಿದ್ದ ಲೀಲಂಡ್ ಜಿಂಕೆ ಸಾಸೇಜು ಅಗಿಯುತ್ತ ಅವಳನ್ನೇ ನೋಡುತ್ತಿದ್ದ. ಬಳಸಿದ ಹಿತ್ತಾಳೆಯನ್ನು ತೂಕಕ್ಕೆ ಮಾರುವ ಮುದುಕ ಅವನು. ಬಾಯಿಗೆ ಬೀಗವಿಲ್ಲದವನು.

"ಟೊಮೆಟೊ ಆರಿಸೋ ಹಾಗೆ ಆರಿಸ್ತೀಯಲ್ಲೇ ಆರ್ಡಿಸ್! ಹೋದ ತಿಂಗಳು ತಾನೇ ಒಂದು ಡಬ್ಬ ತಗೊಂಡು ಹೋದೆ. ನೀನು ಇದನ್ನ ಹೊಡೀತೀಯೋ, ತಿಂತೀಯೋ?"

"ಹೊಡೆದ ಮೇಲೆ ಹುಲ್ಲಲ್ಲಿ ಬಿದ್ದು ಕಳೆದುಹೋಗುತ್ತಪ್ಪ."

"ಹೊರಗೆ ಹಿಮ ನೋಡು. ಹುಲ್ಲೆಲ್ಲಿಂದ ಬಂತು?"

"ಹಾಗಾದ್ರೆ ಹಿಮದಲ್ಲಿ ಕಳೆದುಹೋಗುತ್ತೆ. ನಿನಗ್ಯಾಕೆ? ಮಾರೋನು ಮಾರು."

ಲೀಲಂಡ್ ಗಹಗಹಿಸಿ ನಕ್ಕ. ಡಬ್ಬ ತೂಗಿ, ಮೇಲೆ ಒಂದು ಹಿಡಿ ಹೆಚ್ಚಿಗೆ ಸುರಿದ. ಆಮೇಲೆ ದನಿ ತಗ್ಗಿಸಿ, "ಮೈಲೊ ಹೇಗಿದ್ದಾನೆ?" ಎಂದ.

"ಇದ್ದಾನೆ," ಎಂದಳು ಆರ್ಡಿಸ್. ಗಂಡನ ಹೆಸರು ಕಿವಿಗೆ ಬಿದ್ದದ್ದೇ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಅನ್ನುತ್ತಾರಲ್ಲ, ಹಾಗಾಯಿತು ಅವಳಿಗೆ. ಡಬ್ಬ ಎತ್ತಿಕೊಂಡು ಹಿಂದೆ ತಿರುಗಿ ನೋಡದೆ ಹೊರಟಳು.

ಆ ಸೀಮೆಯಲ್ಲಿ ಖಾಲಿ ತೋಟೆ ಬಿಸಾಡುವವನನ್ನು ದಂಡಪಿಂಡ ಅನ್ನುತ್ತಾರೆ. ಗುಂಡು ಹಾರಿಹೋಗಿ ಮದ್ದು ಉರಿದುಹೋದರೂ ಹಿತ್ತಾಳೆ ಉಳಿಯುತ್ತದಲ್ಲ. ಅದನ್ನು ತೊಳೆದು, ಅಗಲವಾದ ಬಾಯನ್ನು ಪ್ರೆಸ್ಸಿನಲ್ಲಿ ಒತ್ತಿ ಬಿಗಿ ಮಾಡಿ, ಹಿಂಬದಿಗೆ, ಕೋವಿಯ ಸೂಜಿ ಬಡಿದರೆ ಕಿಡಿ ಹಾರಿಸುವ ಹೊಸ ಕೇಪು ಕೂರಿಸಿ, ಮದ್ದು ತೂಗಿ ಸುರಿದು, ಮೇಲೊಂದು ಗುಂಡು ಒತ್ತಿದರೆ ಮತ್ತೆ ತೋಟೆ ತಯಾರು. ಅಂಗಡಿಯಲ್ಲಿ ಹೊಸದು ತಂದು ಅಭ್ಯಾಸಕ್ಕೆ ಹೊಡೆಯುವುದು ದುಡ್ಡು ಹೆಚ್ಚಾದವರ ಕೆಲಸ. ಉಳಿದವರ ಮನೆಯಲ್ಲೆಲ್ಲ ಗರಾಜಿನ ಮೂಲೆಯಲ್ಲಿ ಒಂದು ಬೆಂಚು, ಬೆಂಚಿನ ಮೇಲೊಂದು ಪ್ರೆಸ್ಸು, ಒಂದು ತಕ್ಕಡಿ ಇದ್ದೇ ಇರುತ್ತವೆ.

ಮತ್ತೆ ಒಂದು ನೇಮ. ಬೇರೆಯವರ ಕೈ ತುಂಬಿದ ತೋಟೆಯನ್ನು ಹೊಡೆಯಬಾರದು. ಅಣ್ಣ ಆಗಲಿ, ಪಾದ್ರಿ ಆಗಲಿ, ಕೊಟ್ಟರೆ ಥ್ಯಾಂಕ್ಸ್ ಹೇಳಿ ಇಸಕೊಂಡು, ಮನೆಗೆ ಬಂದು ಬಿಚ್ಚಿ ಮದ್ದು ಚೆಲ್ಲಬೇಕು. ಯಾಕೆಂದರೆ ಒಂದು ಚಿಟಿಕೆ ಹೆಚ್ಚು ಕಮ್ಮಿಯಾದರೂ ಸಿಡಿಯುವುದು ಹೊಡೆಯುವವನ ಕೆನ್ನೆಯ ಪಕ್ಕದಲ್ಲಿ. ಆರ್ಡಿಸ್ ಈ ನೇಮವನ್ನು ಜೀವನದಲ್ಲಿ ಒಬ್ಬನಿಗಾಗಿ ಮಾತ್ರ ಮುರಿದವಳು. ಮದುವೆಯಾದ ಮೊದಲ ಚಳಿಗಾಲ ಮೈಲೊ ಐದು ತೋಟೆ ತುಂಬಿ ಅವಳ ಅಂಗೈ ಮೇಲಿಟ್ಟಾಗ ಅವಳು ಏನೂ ಕೇಳದೆ ಹೊಡೆದಿದ್ದಳು. ಅಲ್ಲಿಂದ ನಲವತ್ತೊಂದು ವರ್ಷ, ಅವನು ತುಂಬುವುದು, ಇವಳು ಹೊಡೆಯುವುದು. ಜಿಲ್ಲೆಯ ಹೆಂಗಸರಲ್ಲಿ ಗುರಿಗೆ ಅವಳ ಹೆಸರು ಮೊದಲು. "ಗುರಿ ನಂದು, ತೋಟೆ ಅವಂದು" ಎಂದು ಬಹುಮಾನ ತೆಗೆದುಕೊಳ್ಳುವಾಗಲೆಲ್ಲ ಹೇಳುವಳು. ಮೈಲೊ ತಾನು ಮಾತ್ರ ಹುಟ್ಟಿದಂದಿನಿಂದ ಇನ್ನೊಬ್ಬರು ತುಂಬಿದ್ದನ್ನು ಮುಟ್ಟಿದವನಲ್ಲ. ಅಪ್ಪ ತುಂಬಿದ್ದನ್ನೂ ಬಿಚ್ಚಿ ತೂಗಿ ನೋಡುತ್ತಿದ್ದನಂತೆ, ಅಂಥ ಆಸಾಮಿ!

ಅಂಥವನ ಕೈ ಹೋದ ಸೆಪ್ಟೆಂಬರಿನಲ್ಲಿ ತಪ್ಪಿತು. ಅಭ್ಯಾಸದ ಮೈದಾನದಲ್ಲಿ ಆರ್ಡಿಸ್ ಕೋವಿಯ ಕುದುರೆ ಎಳೆದರೆ ಢಂ ಅನ್ನಬೇಕಾದದ್ದು ಠುಸ್ ಅಂದಿತು. ಮದ್ದೇ ಇರಲಿಲ್ಲ. ಗುಂಡು ನಳಿಗೆಯ ನಡುವೆ ಸಿಕ್ಕಿಕೊಂಡಿತ್ತು. ಅದರ ಹಿಂದೆಯೇ ಇನ್ನೊಂದು ಹೊಡೆದಿದ್ದರೆ ಮುಖ ಇರುತ್ತಿರಲಿಲ್ಲ. ಯಾರಿಗಾದರೂ ಒಮ್ಮೆ ಆಗುತ್ತದೆ ಎಂದು ಅವಳೇ ಸಮಾಧಾನ ಮಾಡಿಕೊಂಡಳು. ಮೂರು ವಾರಕ್ಕೆ ಇನ್ನೊಂದು ತೋಟೆ ಭುಜವನ್ನು ಒದ್ದ ರೀತಿಗೆ ಅವಳ ಜೀವ ಬಾಯಿಗೆ ಬಂತು. ಕೋವಿಯ ಚಿಲಕ ತೆಗೆಯಲು ಸುತ್ತಿಗೆ ಬೇಕಾಯಿತು, ಮದ್ದು ಹೆಚ್ಚಾಗಿ ಹಿತ್ತಾಳೆ ಊದಿಕೊಂಡು ಅಂಟಿತ್ತು. ಅವತ್ತು ಅವಳು ಉಳಿದದ್ದನ್ನು ಹೊಡೆಯಲಿಲ್ಲ. ಟ್ರಕ್ಕಿನಲ್ಲಿ ಕೂತು ಅತ್ತಳು.

ಮೈಲೊಗೆ ಮರೆವು ಹತ್ತಿತ್ತು. ಬಿಲ್ಲಿಂಗ್ಸ್ ಪಟ್ಟಣದ ಡಾಕ್ಟರು ಅದಕ್ಕೊಂದು ಹೆಸರು ಹೇಳಿದ್ದರು. ಮಗಳ ಫೋನ್ ನಂಬರು ಹೋಯಿತು, ಪಕ್ಕದ ರಾಂಚಿನವನ ಹೆಸರು ಹೋಯಿತು, ಒಂದು ದಿನ ಅಂಚೆ ಕಚೇರಿಯಿಂದ ಮನೆಗೆ ಬರುವ ದಾರಿಯೂ ಹೋಯಿತು. ಅಡುಗೆಮನೆಯಲ್ಲಿ ಕೂರಿಸಿದರೆ ಕಿಟಕಿ ನೋಡುತ್ತ ಕಲ್ಲಾಗಿಬಿಡುವನು. ಆದರೆ ಬೆಂಚಿನ ಮುಂದೆ ಕೂತನೋ, ಆಸಾಮಿ ಬೇರೆ! ಬೆನ್ನು ನೆಟ್ಟಗಾಗುತ್ತದೆ, ಕೈ ತಾನಾಗಿ ಓಡುತ್ತದೆ, ಗುಂಯ್ ಎಂದು ಏನೋ ರಾಗ. ಬಾಗಿಲಲ್ಲಿ ನಿಂತು ನೋಡಿದರೆ ಮದುವೆಯಾದ ಹೊಸದರ ಮೈಲೊನೇ. ಅವನಿಗೆ ಹೋಗಿ, ನೀನು ತುಂಬಿದ್ದನ್ನು ನಾನಿನ್ನು ಹೊಡೆಯುವುದಿಲ್ಲ ಎಂದು ಹೇಳುವುದೇ? ಆ ಊರಿನಲ್ಲಿ ಹೆಂಡತಿಯಾದವಳು ಅದನ್ನು ಹೇಳಿದರೆ ಸೋಡಚೀಟಿ ಕೊಟ್ಟು ಗಂಡನನ್ನು ಬಿಟ್ಟಂತೆ. ಬೆಂಚು ಹೋದರೆ ಅವನಲ್ಲಿ ಇನ್ನೇನು ಉಳಿಯಿತು? ಆರ್ಡಿಸ್‌ಗೆ ಅದೊಂದೇ ಭಯ.

ಹಾಗಾಗಿ ಅವಳೊಂದು ಉಪಾಯ ಮಾಡಿದಳು. ಅವನು ವಾರಕ್ಕೆ ಐವತ್ತು ತುಂಬಿ ಕೊಡುವನು. ಅವಳು ಮುತ್ತು ಕೊಟ್ಟು ಇಸಕೊಂಡು, ಅವನ್ನು ಹೊಡೆಯದೆ, ಕೊಟ್ಟಿಗೆಯ ಹಿಂದಿನ ಹಳೆಯ ಹಾಲಿನ ಕ್ಯಾನಿಗೆ ಇಳಿಸಿ ಮುಚ್ಚಳ ಹಾಕುವಳು. ಬಿಚ್ಚಿ ಮದ್ದು ಚೆಲ್ಲಬಹುದಿತ್ತು. ಅವನು ಕಟ್ಟಿದ್ದನ್ನು ಬಿಚ್ಚಲು ಕೈ ಬರಲಿಲ್ಲ. ಆಮೇಲೆ ಮೈದಾನಕ್ಕೆ ಹೋಗಿ, ನಳಿಗೆಗೆ ವಾಸನೆ ಹತ್ತಲಿ ಎಂದು ಅಂಗಡಿಯ ತೋಟೆ ಐದು ಹೊಡೆದು, ಟ್ರಕ್ಕಿನಲ್ಲಿ ಕೂತು ಫ್ಲಾಸ್ಕಿನ ಕಾಫಿ ಕುಡಿದು ಹೊತ್ತು ಕಳೆಯುವಳು. ಮನೆಗೆ ಬರುವಾಗ ಐವತ್ತು ಖಾಲಿ ತೋಟೆ ಬೇಕಲ್ಲ? ಅದಕ್ಕೇ ಈ ಲೀಲಂಡನ ಬಕೆಟ್ಟು. ಇನ್ನೊಬ್ಬರು ಹೊಡೆದು ಬಿಟ್ಟ ಹಿತ್ತಾಳೆಯನ್ನು ಆರಿಸಿ ತಂದು, ಬಟ್ಟೆಯ ಚೀಲಕ್ಕೆ ಹಾಕಿ ಮೈಲೊನ ಬೆಂಚಿನ ಮೇಲಿಟ್ಟು, "ಇವತ್ತು ಗಾಳಿ ಇತ್ತು ಕಣೋ, ಎರಡು ತಪ್ಪಿದೆ," ಎನ್ನುವಳು. ಸುಳ್ಳು ಹೇಳಿದರೆ ಸತ್ಯದ ತಲೆಯ ಮೇಲೆ ಹೊಡೆದಂತಿರಬೇಕು ನೋಡಿ.

ಮೈಲೊ ಭೂತಗನ್ನಡಿ ಹಿಡಿದು ಒಂದೊಂದನ್ನೂ ತಿರುಗಿಸಿ ನೋಡುವನು. "ಪರವಾಗಿಲ್ಲ ಬಿಡು, ಎರಡು ತಾನೇ," ಎನ್ನುವನು. ಮತ್ತೆ ತುಂಬಲು ಕೂರುವನು. ಚಳಿಗಾಲ ಹೀಗೇ ಸಾಗಿತು. ಕ್ಯಾನು ತುಂಬಿ ಎರಡನೆಯದು ಶುರುವಾಯಿತು.

ಮೇ ತಿಂಗಳ ಮೊದಲ ಭಾನುವಾರ ವಸಂತದ ಪಂದ್ಯ. ಎರಡು ವರ್ಷದಿಂದ ಪಂದ್ಯಕ್ಕೆ ಬಾರದ ಮೈಲೊ ಅವತ್ತು ಬೆಳಗ್ಗೆ ಕ್ಷೌರ ಮಾಡಿಕೊಂಡು, ಇಸ್ತ್ರಿ ಅಂಗಿ ತೊಟ್ಟು, ಟೊಪ್ಪಿ ಹಿಡಿದು ಅಡುಗೆಮನೆಗೆ ಬಂದ.

"ನಾನೂ ಬರ್ತೀನಿ."

ಆರ್ಡಿಸ್ ಕೈಯಲ್ಲಿದ್ದ ಬಾಣಲೆಯನ್ನು ಕೆಳಗಿಟ್ಟಳು. "ಅಲ್ಲಿ ಚಳಿ ಕಣೋ. ಜನ ಜಾಸ್ತಿ. ನಿನಗೆ ಸುಸ್ತಾಗುತ್ತೆ."

"ಸುಸ್ತಾದ್ರೆ ಕೂತ್ಕೋತೀನಿ. ಕುರ್ಚಿ ಇರಲ್ವಾ?"

"ಇರುತ್ತೆ, ಆದ್ರೂ…"

"ಆದ್ರೂ ಇಲ್ಲ, ಗೀದ್ರೂ ಇಲ್ಲ. ನಡಿ."

ಅವಳ ಚೀಲದಲ್ಲಿ ಅಂಗಡಿಯ ತೋಟೆಯ ಪೊಟ್ಟಣ ಇತ್ತು. ಮೈದಾನದಲ್ಲಿ ಅವನು ಯಾರೊಂದಿಗಾದರೂ ಮಾತಿಗೆ ನಿಂತಾಗ ಅದಲು ಬದಲು ಮಾಡಿದರಾಯಿತು ಎಂದುಕೊಂಡಳು. ಆದರೆ ಮೈಲೊ ತಾನು ತುಂಬಿದ ಡಬ್ಬಿಯನ್ನು ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟು ಎರಡು ಕೈಯಲ್ಲಿ ಹಿಡಿದು ಕೂತಿದ್ದ. ಇಳಿಯುವಾಗ ಕೊಡು ಎಂದರೂ ಕೊಡಲಿಲ್ಲ. ಮೈದಾನದಲ್ಲಿ ಹಳೆಯ ಪರಿಚಯದವರೆಲ್ಲ ಕೈ ಕುಲುಕಿದರು. ಅವನಿಗೆ ಅರ್ಧ ಜನರ ಹೆಸರು ಸಿಗಲಿಲ್ಲ; ಎಲ್ಲರಿಗೂ "ಏನಪ್ಪಾ, ಹೇಗಿದ್ದೀಯಾ?" ಎಂದು ಸುಧಾರಿಸಿದ. ಆಮೇಲೆ ಆರ್ಡಿಸ್‌ಳ ಮೇಜಿನ ಪಕ್ಕಕ್ಕೇ ಕುರ್ಚಿ ಎಳೆದುಕೊಂಡು, ಡಬ್ಬಿ ತೆಗೆದು, ಐದು ತೋಟೆಗಳನ್ನು ಒಂದೊಂದಾಗಿ ಅವಳ ಮುಂದೆ ಸಾಲಾಗಿ ನಿಲ್ಲಿಸಿದ.

"ಮೈಲೊನ ತೋಟೆ ಬಂತಪ್ಪಾ, ನಾವೆಲ್ಲ ಮನೆಗೆ ಹೋಗೋಣ!" ಎಂದು ಹಿಂದೆ ಯಾರೋ ಕೂಗಿದರು. ಎಲ್ಲರೂ ನಕ್ಕರು. ಮೈಲೊನೂ ನಕ್ಕ.

ಸಾಲಿನವರಿಗೆಲ್ಲ ಕೋವಿಗೆ ತೋಟೆ ಹಾಕಲು ಅಪ್ಪಣೆಯಾಯಿತು. ಆರ್ಡಿಸ್ ಮೊದಲನೆಯದನ್ನು ಎತ್ತಿದಳು. ತಣ್ಣಗಿತ್ತು, ಕನ್ನಡಿಯಂತೆ ಹೊಳೆಯುತ್ತಿತ್ತು. ಎಷ್ಟು ತಿಕ್ಕಿದ್ದಾನೋ ಪುಣ್ಯಾತ್ಮ. ಒಂದು ಕ್ಷಣ ಅವಳಿಗೆ ನಿಜವಾಗಿಯೂ ಅನ್ನಿಸಿತು, ಹೊಡೆದೇಬಿಡೋಣ ಎಂದು. ಐದರಲ್ಲಿ ಐದೂ ಸರಿ ಇರಬಹುದು. ಇಲ್ಲದಿದ್ದರೆ ಆದದ್ದಾಗಲಿ, ಇಷ್ಟು ಜನರ ಮುಂದೆ ಇವನ ಮುಖ ಬಾಡುವುದನ್ನು ನೋಡುವುದಕ್ಕಿಂತ ಅದೇ ವಾಸಿ. ಮರುಕ್ಷಣ ಎಚ್ಚೆತ್ತಳು. ತಾನು ಸತ್ತರೆ ಇವನಿಗೆ ದಿಕ್ಕು ಯಾರು? ತಾನೇ ಕೊಂದೆ ಎಂದು ಒಂದು ಗಳಿಗೆ ನೆನಪಾದರೂ ಸಾಕಲ್ಲ, ಇವನು ಬದುಕುತ್ತಾನೆಯೇ? ಅವಳು ತೋಟೆಯನ್ನು ಮತ್ತೆ ಸಾಲಿನಲ್ಲಿ ನಿಲ್ಲಿಸಿದಳು. ಕೋವಿಯನ್ನು ಖಾಲಿಯಾಗಿಯೇ ಕೆಳಗಿಟ್ಟು, ಪಂದ್ಯ ನಡೆಸುವವರಿಗೆ ತನ್ನನ್ನು ಬಿಟ್ಟು ಮುಂದುವರಿಯಿರಿ ಎಂದು ಕೈ ಮಾಡಿ, ಮೈಲೊನನ್ನು ತೋಳು ಹಿಡಿದು ಎಬ್ಬಿಸಿ ಟ್ರಕ್ಕಿನವರೆಗೆ ನಡೆಸಿಕೊಂಡು ಬಂದಳು.

"ಮೈಲೊ," ಎಂದಳು. "ನಾನು ಅದನ್ನ ಹೊಡೆಯಲ್ಲ. ಸೆಪ್ಟೆಂಬರಿಂದ ನೀನು ತುಂಬಿದ್ದು ಒಂದೂ ಹೊಡೆದಿಲ್ಲ. ನನ್ನ ಕ್ಷಮಿಸ್ಬಿಡೋ."

"ಗೊತ್ತು," ಎಂದ ಮೈಲೊ.

"ಏನು ಗೊತ್ತು?"

"ಹೊಡೆದಿಲ್ಲ ಅಂತ ಗೊತ್ತು. ಅಲ್ಲ ಕಣೇ, ನಲವತ್ತು ವರ್ಷ ಕೋವಿ ಹಿಡಿದೆ, ಖಾಲಿ ತೋಟೆಯ ಅಂಡು ಒಂದು ದಿನ ತಿರುಗಿಸಿ ನೋಡಿದ್ದೀಯಾ? ನಿನ್ನ ಕೋವಿಯ ಸೂಜಿ ಕೇಪಿಗೆ ನಡುಮಧ್ಯ ಬಡಿಯಲ್ಲ. ಕೂದಲೆಳೆಯಷ್ಟು ಎಡಕ್ಕೆ ಬಡಿಯುತ್ತೆ. ನೀನು ತಂದಿಟ್ಟ ಚೀಲದಲ್ಲಿ ಐದಕ್ಕೆ ಮಾತ್ರ ಎಡಗಡೆ ಗುರುತು. ಬಾಕಿದ್ದೆಲ್ಲ ಯಾವನ್ಯಾವನದೋ ಕೋವಿಯ ಎಂಜಲು!"

ಹೊಡೆಯುವವಳಿಗೆ ಮುಂದಿನ ಗುರಿ ಗೊತ್ತು, ಹಿಂದಿನ ಕೇಪು ಯಾಕೆ ಗೊತ್ತಿರಬೇಕು? ಏಳು ತಿಂಗಳು ಬಾಯಿ ನೋಡಿ, ಮೈ ನೋಡಿ, ಅಷ್ಟು ಜತನದಿಂದ ಆರಿಸಿದ್ದಳು. ಅಂಡು ನೋಡಿರಲಿಲ್ಲ.

"ಮೊದಲನೇ ಚೀಲದಲ್ಲೇ ಗೊತ್ತಾಯ್ತು," ಎಂದ ಮೈಲೊ. "ಎರಡು ದಿನ ನಿನ್ನ ಮೇಲೆ ಸಿಟ್ಟಿತ್ತು. ನೆನಪಿದೆಯಾ, ಉಣ್ಣದೆ ಮಲಗಿದ್ದೆ? ಮೂರನೇ ದಿನ ನಾನು ತುಂಬಿಟ್ಟಿದ್ದರಲ್ಲಿ ಇಪ್ಪತ್ತು ಬಿಚ್ಚಿ ತೂಗಿದೆ. ಮೂರು ತಪ್ಪಿತ್ತು ಆರ್ಡಿಸ್. ಒಂದರಲ್ಲಿ ನಿನ್ನ ತಲೆ ಹಾರಿಹೋಗುವಷ್ಟು." ಅವನು ತನ್ನ ಎರಡು ಅಂಗೈಗಳನ್ನೂ ಬಿಡಿಸಿ ನೋಡಿಕೊಂಡ. "ನನಗೆ ಇವುಗಳ ಭಯ ಆಯ್ತು."

"ಮತ್ತೆ ಯಾಕೋ ತುಂಬ್ತಾ ಕೂತೆ? ನನಗೊಂದು ಮಾತು ಹೇಳಬಾರದಿತ್ತಾ?"

"ನೀನು ಹೇಳಿದ್ಯಾ? ಆ ಹಿಮದಲ್ಲಿ ಅಷ್ಟು ದೂರ ಹೋಗಿ ಡಬ್ಬ ಹೊತ್ಕೊಂಡು ಬರ್ತಿದ್ದೆ. ಯಾಕೆ ತರ್ತಾಳೆ ಇವಳು ಅಂತ ಯೋಚನೆ ಮಾಡಿದೆ. ನಾನು ಅಲ್ಲಿ ಕೂತಿರ್ಲಿ ಅಂತ ತಾನೇ? ಅದಕ್ಕೇ ಕೂತೆ."

ಆರ್ಡಿಸ್ ಟ್ರಕ್ಕಿನ ಬಾಗಿಲಿಗೆ ಒರಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಅತ್ತಳೋ ನಕ್ಕಳೋ, ಎರಡೂ ಒಟ್ಟಿಗೇ ಬಂತು.

"ಅದರಲ್ಲಿ ಮದ್ದಿಲ್ಲ," ಎಂದ ಮೈಲೊ. "ಅವತ್ತಿಂದ ಒಂದರಲ್ಲೂ ಮದ್ದಿಲ್ಲ, ಕೇಪೂ ಸತ್ತದ್ದು. ಮರೆತು ಹಾಕಿಬಿಟ್ಟೇನು ಅಂತ ಇದ್ದಬದ್ದ ಮದ್ದನ್ನೆಲ್ಲ ಲೀಲಂಡನ ಕೈಲಿ ಕೊಟ್ಟು ಕಳಿಸಿದೆ. ಮರೆತರೂ ಹಾಕೋಕೆ ಮನೇಲಿ ಇರಬಾರದಲ್ಲ. ಎಲ್ಲಾದರೂ ಒಂದು ದಿನ ನಿನ್ನ ಮನಸ್ಸು ಕರಗಿ, ಪಾಪ ಮುದುಕ ತುಂಬಿದ್ದು, ಒಂದು ಹೊಡೆಯೋಣ ಅಂತ ಹೊಡೆದುಬಿಟ್ಟರೆ? ನಿನ್ನ ನಂಬೋಕಾಗಲ್ಲ ಕಣೇ."

"ಈಗ ಅದೇ ಮಾಡೋದ್ರಲ್ಲಿದ್ದೆ," ಎಂದಳು ಆರ್ಡಿಸ್, ಮೂಗು ಒರೆಸಿಕೊಳ್ಳುತ್ತ.

"ನೋಡಿದೆ. ನನಗೂ ಜೀವ ಹೋಗಿ ಬಂತು."

ಅವನು ಅಂಗಿಯ ಜೇಬಿಗೆ ಕೈ ಹಾಕಿ ಮಡಿಸಿದ ಚೀಟಿಯೊಂದನ್ನು ತೆಗೆದ. ಪೆನ್ಸಿಲಿನಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು, ಮಸುಕಾದ ಕಡೆ ಮತ್ತೆ ತಿದ್ದಿ ಬರೆದಿತ್ತು. ಇವತ್ತು ಆರ್ಡಿಸ್‌ಗೆ ಹೇಳಬೇಕು. ಅದರ ಕೆಳಗೆ, ಆರ್ಡಿಸ್‌ಗೆ ತುಂಬೋದು ಕಲಿಸಬೇಕು. ಅದರ ಕೆಳಗೆ ಗೆರೆ ಎಳೆದು, ಬೇಗ.

"ಹೇಳೋದು ಮರೆತುಹೋಗೋ ಮುಂಚೆ ಹೇಳೋಣ ಅಂತ ಬಂದೆ," ಎಂದ. "ನೀನೇ ಮೊದಲು ಹೇಳಿಬಿಟ್ಟೆ. ಗಟ್ಟಿಗಿತ್ತಿ."

ಅವರಿಬ್ಬರೂ ಅವತ್ತು ಪಂದ್ಯಕ್ಕೆ ಮರಳಲಿಲ್ಲ. ಟ್ರಕ್ಕಿನ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು ಕೂತು, ಅವಳು ಕಟ್ಟಿಕೊಂಡು ಬಂದಿದ್ದ ಬೀಫ್ ಬ್ರೆಡ್ಡು ತಿಂದರು. ಬೇರೆಯವರು ಹೊಡೆಯುವುದನ್ನು ನೋಡಿದರು. ಮಧ್ಯೆ ಒಮ್ಮೆ ಮೈಲೊ, "ನೀನ್ಯಾಕೆ ಹೊಡೀತಿಲ್ಲ?" ಎಂದು ಕೇಳಿದ. "ಸುಮ್ನೆ," ಎಂದಳು ಆರ್ಡಿಸ್. ಅವನ ಕೈ ಹಿಡಿದುಕೊಂಡಳು.

ಮಾರನೆಯ ದಿನವೇ ಲೀಲಂಡ್ ಮದ್ದಿನ ಡಬ್ಬಿಗಳನ್ನು ಮರಳಿ ತಂದ. "ನಿಮ್ಮಿಬ್ಬರ ನಡುವೆ ಸಿಕ್ಕಿ ನನಗೆ ಹೊಟ್ಟೆ ಉಬ್ಬರ ಬಂದಿತ್ತು," ಎಂದು ಗೊಣಗಿದ. "ಇವನು ಹೇಳಬೇಡ ಅಂತಾನೆ, ನೀನು ಹುಲ್ಲು ಅಂತೀಯಾ, ಹಿಮ ಅಂತೀಯಾ!" ಮದ್ದಿನ ಡಬ್ಬಿಗಳಿಗೆ ಆರ್ಡಿಸ್ ಬೀಗ ಹಾಕಿ ಬೀಗದ ಕೈಯನ್ನು ಕೊರಳಿಗೆ ಕಟ್ಟಿಕೊಂಡಳು. ಮೈಲೊನೇ ಹಾಗೆ ಮಾಡು ಎಂದಿದ್ದ.

ಕಲಿಯುವುದೇನು ಸುಲಭವೇ! ಅವಳು ಬೆಂಚಿನ ಮುಂದೆ, ಅವನು ಪಕ್ಕದ ಸ್ಟೂಲಿನ ಮೇಲೆ. ಒಳ್ಳೆಯ ದಿನಗಳಲ್ಲಿ ಅವನು ಪ್ರಚಂಡ ಮೇಷ್ಟ್ರು. "ಅವಸರ ಮಾಡಬೇಡ. ಪ್ರೆಸ್ಸು ಒತ್ತೋದು ಅಂದ್ರೆ ಬಾವಿ ಪಂಪು ಹೊಡೆಯೋದಲ್ಲ," ಎನ್ನುವನು. "ಥೂ, ಕೇಪು ಸೊಟ್ಟಗೆ ಕೂತಿದೆ, ತೆಗಿ." ಕೆಟ್ಟ ದಿನಗಳಲ್ಲಿ ತಕ್ಕಡಿಯನ್ನು ನೋಡಿ ಇದೇನು ಎಂದು ಕೇಳುವನು. ಅಂಥ ದಿನ ಅವಳು ಮದ್ದು ಮುಟ್ಟುತ್ತಿರಲಿಲ್ಲ; ಅವನ ಮುಂದೆ ಖಾಲಿ ತೋಟೆಗಳನ್ನು ಸುರಿದು, "ಎಡಗಡೆ ಗುರುತಿರೋದನ್ನ ಆರಿಸಿ ಕೊಡೋ," ಎನ್ನುವಳು. ಅದನ್ನು ಮಾತ್ರ ಅವನು ಒಂದೂ ತಪ್ಪದೆ ಆರಿಸುತ್ತಿದ್ದ. ಗುಂಯ್ ಎಂದು ರಾಗವೂ ಬರುತ್ತಿತ್ತು.

ಜೂನ್ ಕೊನೆಯಲ್ಲಿ ಅವಳು ತಾನೇ ತುಂಬಿದ ಮೊದಲ ಐದು ತೋಟೆಗಳನ್ನು ತೆಗೆದುಕೊಂಡು ಅವನನ್ನೂ ಕರೆದುಕೊಂಡು ಮೈದಾನಕ್ಕೆ ಹೋದಳು. ವಾರದ ನಡುವಿನ ದಿನ, ಬೆಳಗಿನ ಹೊತ್ತು, ಯಾರೂ ಇರಲಿಲ್ಲ. ನಾಲ್ಕನ್ನು ಅವಳು ಹೊಡೆದಳು. ನಾಲ್ಕೂ ಸರಿಯಾಗಿ ಸಿಡಿದವು. ಗುರಿಯ ಹಲಗೆಯಲ್ಲಿ ನಾಲ್ಕೂ ಒಂದು ಅಂಗೈಯಗಲದೊಳಗೆ ಬಿದ್ದವು. ಖುಷಿಗೆ ಅವಳು ಚಿಕ್ಕ ಹುಡುಗಿಯಂತೆ ಕುಣಿದಳು.

"ನನಗೊಂದು ಕೊಡು," ಎಂದ ಮೈಲೊ.

ಆರ್ಡಿಸ್ ಮರಳು ಚೀಲಗಳ ನಡುವೆ ಕೋವಿಯನ್ನು ಭದ್ರವಾಗಿ ಕೂರಿಸಿ, ಮೂತಿ ದಿಬ್ಬದ ಕಡೆಗಿದೆ ಎಂದು ಎರಡು ಸಲ ನೋಡಿ, ಅವನನ್ನು ಕುರ್ಚಿಯಲ್ಲಿ ಕೂರಿಸಿ, ಹಿಂದಿನಿಂದ ಅವನ ಭುಜ ಹಿಡಿದು ನಿಂತಳು. ಐದನೆಯ ತೋಟೆಯನ್ನು ಅವನ ಅಂಗೈ ಮೇಲಿಟ್ಟಳು.

ಅವನು ಅದನ್ನು ಬೆಳಕಿಗೆ ಹಿಡಿದ, ತಿರುಗಿಸಿದ, ಕಿವಿಯ ಹತ್ತಿರ ಅಲುಗಾಡಿಸಿದ. ಮುಖ ಗಂಟಿಕ್ಕಿತು.

"ಇದು ನಾನು ತುಂಬಿದ್ದಲ್ಲ."

"ಅಲ್ಲ."

"ಯಾರು ತುಂಬಿದ್ದು?"

"ನಾನು," ಎಂದಳು ಆರ್ಡಿಸ್.

ಅವನು ಕತ್ತು ತಿರುಗಿಸಿ ಅವಳನ್ನು ನೋಡಿದ. ಬಹಳ ಹೊತ್ತು ನೋಡಿದ. ಆ ಗಳಿಗೆ ಅವನಿಗೆ ಆರ್ಡಿಸ್ ಎಂಬ ಹೆಸರು ಸಿಕ್ಕಿತ್ತೋ ಇಲ್ಲವೋ, ಅವಳಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

"ಹಾಗಾದ್ರೆ ಸರಿ," ಎಂದು ಮೈಲೊ ತೋಟೆಯನ್ನು ಕೋವಿಗೆ ಹಾಕಿ, ಚಿಲಕ ಮುಚ್ಚಿ, ಕೆನ್ನೆ ಆನಿಸಿದ.